ಪ್ರತಿ ಡ್ರೈವರ್ ಎರರಿಗೂ ಫಾರ್ಮ್ಯಾಟೇ ಯಾಕ್ರಿ?

ನಮಸ್ಕಾರ್ರಿ. ಡ್ರೈವರ್ ಅಂದ್ರ ಕಂಪ್ಯೂಟರಿಗೆ ಜೋಡಿಸಿದ ಸಾಧನ ನಡೆಸೋ ಸಣ್ಣ ಸಾಫ್ಟ್‌ವೇರ್. ಕಂಪ್ಯೂಟರ್ ಚಾಲೂ ಮಾಡಿದ ಕೂಡಲೇ ಡ್ರೈವರ್ ಎರರ್ ಬಂತು ಅಂದ್ರ, ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ಭಾಳ ಅಂಗಡ್ಯಾಗ ಮೊದಲು ಕೇಳೋ ಮಾತು ಒಂದೇ: "ಫಾರ್ಮ್ಯಾಟ್ ಹೊಡೀಬೇಕಾಗ್ತೈತ್ರಿ." ಅಂದ್ರ ಡಿಸ್ಕಿನಾಗಿದ್ದದ್ದೆಲ್ಲಾ ಅಳಿಸಿ ವಿಂಡೋಸ್ ಹೊಸದಾಗಿ ಹಾಕೋದು. ನೆಗಡಿ ಬಂತಂತ ಮೂಗು ಕೊಯ್ಕೊಳ್ಳೋ ಈ ರೂಢಿ ನಿಲ್ಲಬೇಕು.

ರೈಸ್ ಮಿಲ್ಲಿನ ಕಾಟಾ ರೂಮಿಗೇ ಬರ್ರಿ. ಭತ್ತದ ಲಾರಿ ಕಾಟಾದ ಮ್ಯಾಲೆ ನಿಂತೈತಿ. ಇಂಡಿಕೇಟರಿನಾಗ ತೂಕ ಕಾಣ್ತೈತಿ, ಕಂಪ್ಯೂಟರಿನಾಗ ಸೊನ್ನೆ. ನಿನ್ನೆ ಸಂಜೀತನ ಚಲೋ ಇತ್ತು. ರಾತ್ರಿ ವಿಂಡೋಸ್ ಅಪ್‌ಡೇಟ್ ಆತು, ಮುಂಜಾನಿಂದ ತ್ರಾಸು. ಇಂಡಿಕೇಟರಿನ ಸೀರಿಯಲ್ ಕೇಬಲ್ಲಿಗೂ ಕಂಪ್ಯೂಟರಿಗೂ ನಡುವ ಸಣ್ಣದೊಂದು ಯುಎಸ್‌ಬಿ ಕನ್ವರ್ಟರ್ ಇರ್ತೈತಿ, ಹಿಂದ ಹೊಟ್ಟಿನ ಧೂಳಿನಾಗ ಬಿದ್ದಿರ್ತೈತಿ. ಯಾರ ಕಣ್ಣಿಗೂ ಬೀಳೂದಿಲ್ಲ.

ಸ್ಟಾರ್ಟ್ ಬಟನ್ ಮ್ಯಾಲೆ ರೈಟ್ ಕ್ಲಿಕ್ ಮಾಡಿ ಡಿವೈಸ್ ಮ್ಯಾನೇಜರ್ ತೆಗೀರಿ. ಪೋರ್ಟ್ಸ್ ಅನ್ನೋದರ ಕೆಳಗ ಹಳದಿ ತ್ರಿಕೋನ ಕಾಣ್ತೈತಿ. ಡಬಲ್ ಕ್ಲಿಕ್ ಮಾಡಿದ್ರ ಕೋಡ್ 10, ಅಂದ್ರ ಆ ಸಾಧನ ಶುರುವಾಗವಲ್ದು. ಕೆಲವು ಸಲ ಹೆಸರಿನ ಜಾಗದಾಗೇ, ಪಿಎಲ್2303 ಎಚ್‌ಎಕ್ಸ್‌ಎ ಚಿಪ್ (ಕನ್ವರ್ಟರಿನೊಳಗಿನ ಚಿಪ್ಪಿನ ಹೆಸರು) 2012ರಿಂದ ಬಂದ್ ಆಗೈತಿ, ಮಾರಿದವರನ್ನ ಕೇಳ್ರಿ ಅಂತ ಇಂಗ್ಲಿಷಿನಾಗ ಬರೆದಿರ್ತೈತಿ. ಅದನ್ನ ಓದಿದ್ರ ಅರ್ಧ ಕೆಲಸ ಮುಗೀತು. ಹೊಸ ಡ್ರೈವರ್ ಆ ಹಳೆ ಚಿಪ್ಪನ್ನೂ ಅದರ ನಕಲಿಯನ್ನೂ ಬೇಕಂತಲೇ ಒಪ್ಪೂದಿಲ್ಲ. ವಿಂಡೋಸ್ ಕೆಟ್ಟಿಲ್ಲ, ಕನ್ವರ್ಟರ್ ಸುಟ್ಟಿಲ್ಲ.

ಈಗ ಫಾರ್ಮ್ಯಾಟ್ ಹೊಡೆದ್ರ? ಇಂಟರ್ನೆಟ್ ಸಿಕ್ಕ ಕೂಡಲೇ ವಿಂಡೋಸ್ ಅದೇ ಹೊಸ ಡ್ರೈವರ್ ಎಳ್ಕೊಂತೈತಿ, ತಿರುಗಿ ಕೋಡ್ 10. ನಡುವ ಕಳಕೊಂಡಿದ್ದು ಮಿಲ್ಲಿನ ಲೆಕ್ಕ, ವರ್ಷಗಟ್ಟಲೆಯ ಕಾಟಾ ಚೀಟಿ ದಾಖಲೆ. ಅದೂ ಸುಗ್ಗಿಯೊಳಗ, ರೈತರು ಲಾರಿ ತಗೊಂಡು ಸಾಲಿನಾಗ ನಿಂತಾಗ. ನನಗ ಖರೇ ಸಿಟ್ಟು ಬರೋದು ಇಲ್ಲೇ.

ಅದೇ ಕಿಟಕಿಯ ಡ್ರೈವರ್ ಟ್ಯಾಬಿನಾಗ ರೋಲ್ ಬ್ಯಾಕ್ ಡ್ರೈವರ್ ಒತ್ರಿ, ಹಳೆ ಡ್ರೈವರ್ ತಿರುಗಿ ಬರ್ತೈತಿ. ಅದು ಮಸುಕಾಗಿದ್ರ, ಅಪ್‌ಡೇಟ್ ಡ್ರೈವರ್ ಒಳಗ ಹೋಗಿ, ಕಂಪ್ಯೂಟರಿನಾಗಿರೋ ಪಟ್ಟಿ ತೆಗೆದು, ಹಳೆ ಆವೃತ್ತಿ ಆರಿಸ್ರಿ. ಆಮ್ಯಾಲೆ ಕಾಮ್ ಪೋರ್ಟ್ ನಂಬರ್ (ಕನ್ವರ್ಟರಿಗೆ ವಿಂಡೋಸ್ ಕೊಡೋ ನಂಬರ್) ಕಾಟಾ ಸಾಫ್ಟ್‌ವೇರಿನಾಗ ಇದ್ದದ್ದೇ ಐತೇನು ನೋಡ್ರಿ. ಕನ್ವರ್ಟರ್ ಬ್ಯಾರೆ ಯುಎಸ್‌ಬಿ ಪೋರ್ಟಿಗೆ ಚುಚ್ಚಿದ್ರೂ ಆ ನಂಬರ್ ಬದಲಾಗಬಹುದು.

ಕೋಡ್ ಬ್ಯಾರೆ ಇದ್ರ ದಾರಿನೂ ಬ್ಯಾರೆ. 28 ಬಂದ್ರ ಡ್ರೈವರ್ ಹಾಕೇ ಇಲ್ಲ. 39 ಬಂದ್ರ ಫೈಲ್ ಕೆಟ್ಟಿರಬಹುದು, ಇಲ್ಲಾ ಕಾಣೆಯಾಗಿರಬಹುದು. 52 ಡ್ರೈವರಿನ ಡಿಜಿಟಲ್ ಸಹಿಯ ತಕರಾರು, ಅಂದ್ರ ಅದನ್ನ ಮಾಡಿದವರು ಯಾರಂತ ವಿಂಡೋಸಿಗೆ ಖಾತ್ರಿ ಆಗವಲ್ದು.

ಕಂಪ್ಯೂಟರ್ ಪೂರ್ತಿ ಏಳವಲ್ದು, ಬರೇ ನೀಲಿ ಪರದೆ ಅಂದ್ರ? 2024ರ ಜುಲೈ 19 ನೆನಪು ಮಾಡ್ಕೊರಿ. ಕ್ರೌಡ್‌ಸ್ಟ್ರೈಕ್ ಅನ್ನೋ ಕಂಪ್ಯೂಟರ್ ಭದ್ರತಾ ಕಂಪನಿಯ ಒಂದು ಕೆಟ್ಟ ಅಪ್‌ಡೇಟಿಗೆ, ಮೈಕ್ರೋಸಾಫ್ಟ್ ಅಂದಾಜಿನ ಪ್ರಕಾರ 85 ಲಕ್ಷ ವಿಂಡೋಸ್ ಯಂತ್ರ ಮಲಗಿದ್ವು. ಅದಕ್ಕೂ ಫಾರ್ಮ್ಯಾಟ್ ಬೇಕಾಗಲಿಲ್ಲ. ಸೇಫ್ ಮೋಡಿನಾಗ (ಬೇಕಾದಷ್ಟೇ ಡ್ರೈವರ್ ಹಾಕ್ಕೊಂಡು ವಿಂಡೋಸ್ ಏಳೋ ರೀತಿ) ಹೋಗಿ ಡ್ರೈವರ್ಸ್ ಫೋಲ್ಡರಿನೊಳಗಿನ ಒಂದು ಫೈಲ್ ಅಳಿಸಿದ್ರ ಯಂತ್ರ ಎದ್ದು ಕುಂತ್ವು. ನಿಮ್ಮ ಡಿಸ್ಕಿಗೆ ಬಿಟ್‌ಲಾಕರ್ ಅನ್ನೋ ವಿಂಡೋಸಿನ ಬೀಗ ಇದ್ರ ಅದರ ರಿಕವರಿ ಕೀ ಮಾತ್ರ ಮೊದಲೇ ಹುಡುಕಿ ಇಟ್ಕೊರಿ.

ಅಂಗಡಿಯ ಅಣ್ಣಂದಿರಿಗೆ ನನ್ನ ವಿನಂತಿ: ಬಿಲ್ಲಿನ ಮ್ಯಾಲೆ ಬರೇ "ಸರ್ವಿಸ್" ಅಂತ ಬರೀಬ್ಯಾಡ್ರಿ, ಯಾವ ಕೋಡ್ ಇತ್ತು, ಯಾವ ಡ್ರೈವರ್ ಹಾಕಿದ್ರಿ ಅಂತ ಬರೆದುಕೊಡ್ರಿ. ಗಿರಾಕಿಗಳು ಯಂತ್ರ ಬಿಟ್ಟು ಬರೋ ಮುಂದ ಅದನ್ನ ಕೇಳಿ ಬರ್ರಿ.