ಸ್ನಾನವಾಯಿತು, ದೀಕ್ಷೆ ಎಲ್ಲಿ?

ಸಭೆಯ ಹಿರಿಯರೇ, ಸಹೋದರ ಸಹೋದರಿಯರೇ, ನಿಮಗೆಲ್ಲ ನನ್ನ ವಂದನೆಗಳು.

ಕ್ರೈಸ್ತ ಸಭೆಗೆ ಸೇರುವಾಗ ನೀರಿನಿಂದ ನಡೆಯುವ ಬ್ಯಾಪ್ಟಿಸಮ್ಮಿಗೆ ನಾವು ದೀಕ್ಷಾಸ್ನಾನ ಎನ್ನುತ್ತೇವೆ. ನಮ್ಮ ಕಥೋಲಿಕ ಬಂಧುಗಳು ಅದೇ ಎರಡು ಪದಗಳನ್ನು ಹಿಂದುಮುಂದಾಗಿಸಿ ಸ್ನಾನದೀಕ್ಷೆ ಎನ್ನುತ್ತಾರೆ. ಹೇಗೆ ಜೋಡಿಸಿದರೂ ಅಲ್ಲಿರುವುದು ಎರಡು ಮಾತು. ದೀಕ್ಷೆ ಎಂದರೇನೆಂದು ಕನ್ನಡ ನಾಡಿನಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಲಿಂಗದೀಕ್ಷೆ ಪಡೆದವರಿಗೆ ಅಂದಿನಿಂದಲೇ ನಿತ್ಯದ ನೇಮವಿರುತ್ತದೆ. ಯಾವುದಾದರೂ ಕಾರ್ಯಕ್ಕೆ ದೀಕ್ಷೆ ತೊಟ್ಟೆ ಎಂದವನನ್ನು ಊರು ಆಮೇಲೆ ಗಮನಿಸುತ್ತಲೇ ಇರುತ್ತದೆ. ತಾನಾಗಿಯೇ ವಿಶ್ವಾಸ ಹೇಳಿಕೊಂಡವರಿಗೆ ಮಾತ್ರ ಅದನ್ನು ಕೊಡುವ ಬ್ಯಾಪ್ಟಿಸ್ಟರಾದ ನಾವು ಸ್ನಾನದ ಬಗ್ಗೆ, ಅಂದರೆ ಯಾರಿಗೆ, ಯಾವ ವಯಸ್ಸಿನಲ್ಲಿ, ಎಷ್ಟು ನೀರಿನಲ್ಲಿ ಎಂಬುದರ ಬಗ್ಗೆ, ನಾಲ್ಕು ಶತಮಾನ ವಾದಿಸಿದ್ದೇವೆ. ದೀಕ್ಷೆಯ ಬಗ್ಗೆ ಅಷ್ಟು ಮಾತನಾಡಿಲ್ಲ ಎಂಬುದೇ ನನ್ನ ಇಂದಿನ ದೂರು.

ನಮ್ಮ ಚರಿತ್ರೆ ಶುರುವಾದದ್ದು ಸ್ನಾನದಿಂದಲ್ಲ. 1606ರ ಸುಮಾರಿಗೆ ಇಂಗ್ಲೆಂಡಿನ ಗೇನ್ಸ್‌ಬರೋ ಪಟ್ಟಣದ ಒಂದು ಚಿಕ್ಕ ಗುಂಪು, ದೇವರು ಈಗಾಗಲೇ ತೋರಿಸಿರುವ ಮತ್ತು ಮುಂದೆ ತೋರಿಸಲಿರುವ ಮಾರ್ಗಗಳಲ್ಲಿ ಒಟ್ಟಾಗಿ ನಡೆಯುತ್ತೇವೆ, ಅದಕ್ಕೆ ಏನು ಬೆಲೆ ತೆರಬೇಕಾಗಿ ಬಂದರೂ ಸರಿ, ಎಂದು ಪರಸ್ಪರ ಒಡಂಬಡಿಕೆ ಮಾಡಿಕೊಂಡಿತು. ಅದೇ ಗುಂಪು ಜಾನ್ ಸ್ಮಿತ್ ಮತ್ತು ಥಾಮಸ್ ಹೆಲ್ವಿಸ್ ಅವರ ನಾಯಕತ್ವದಲ್ಲಿ ಆಮ್‌ಸ್ಟರ್‌ಡಾಮಿಗೆ ವಲಸೆ ಹೋಯಿತು. 1609ರಲ್ಲಿ ಸ್ಮಿತ್ ಮೊದಲು ತನಗೆ ತಾನೇ ದೀಕ್ಷಾಸ್ನಾನ ಮಾಡಿಕೊಂಡು, ಬಳಿಕ ಉಳಿದವರಿಗೆ ಮಾಡಿಸಿದರು. ಆಗಲೂ ನೀರು ಸುರಿದದ್ದೇ ಹೊರತು ಮುಳುಗಿಸಿದ್ದಲ್ಲ. ಇಂಗ್ಲೆಂಡಿನ ಬ್ಯಾಪ್ಟಿಸ್ಟರಲ್ಲಿ ಮುಳುಗಿಸುವ ಪದ್ಧತಿ 1640ರ ದಶಕದಲ್ಲಿ ನೆಲೆಯೂರಿತು. ತೊಟ್ಟಿಯ ಆಳದಿಂದಲೇ ನಮ್ಮ ಗುರುತನ್ನು ಅಳೆಯುವವರಿಗೆ ಇದು ತುಸು ಇರುಸುಮುರುಸಿನ ಸಂಗತಿ. ಒಡಂಬಡಿಕೆ ಮೊದಲು ಬಂತು, ಸ್ನಾನ ಅದರ ಹಿಂದೆ ಬಂತು, ಮುಳುಗುವುದು ಎಲ್ಲಕ್ಕಿಂತ ತಡವಾಗಿ ಬಂತು.

ಹೆಲ್ವಿಸ್ 1612ರಲ್ಲಿ ಲಂಡನ್ನಿಗೆ ಮರಳಿ, ರಾಜನೂ ಮರ್ತ್ಯನೇ, ಪ್ರಜೆಗಳ ಆತ್ಮದ ಮೇಲೆ ಅವನಿಗೆ ಅಧಿಕಾರವಿಲ್ಲ ಎಂದು ಬರೆದು, ಸೆರೆಮನೆ ಸೇರಿ, ಅಲ್ಲಿಂದ ಜೀವಂತ ಹೊರಬರಲಿಲ್ಲ. ಒತ್ತಾಯದಿಂದ ವಿಶ್ವಾಸ ಹುಟ್ಟದು ಎಂಬ ಈ ತತ್ವಕ್ಕೆ ಇನ್ನೊಂದು ಮುಖವಿದೆ: ಒತ್ತಾಯವಿಲ್ಲದೆ ಒಳಗೆ ಬಂದವನಿಗೆ, ನನ್ನನ್ನು ಯಾರೂ ಕೇಳಬಾರದು ಎನ್ನುವ ಅವಕಾಶವಿಲ್ಲ. ಅವನೇ ಒಪ್ಪಿ ಬಂದಿದ್ದಾನಲ್ಲ.

ನಮ್ಮ ದೇಶದ ಉದಾಹರಣೆ ನನಗೆ ಇನ್ನೂ ಹತ್ತಿರದ್ದು. 1793ರಲ್ಲಿ ಬಂಗಾಳಕ್ಕೆ ಬಂದ ಇಂಗ್ಲೆಂಡಿನ ಬ್ಯಾಪ್ಟಿಸ್ಟ್ ಮಿಷನರಿ ವಿಲಿಯಂ ಕೇರಿಗೆ ಮೊದಲ ಹಿಂದೂ ವಿಶ್ವಾಸಿ ಸಿಕ್ಕಿದ್ದು ಏಳು ವರ್ಷಗಳ ನಂತರ. ಆತ ಕೃಷ್ಣ ಪಾಲ್ ಎಂಬ ಬಡಗಿ. ಬಿದ್ದು ಕೀಲು ತಪ್ಪಿದ ತೋಳನ್ನು ಮಿಷನರಿ ವೈದ್ಯರಾದ ಜಾನ್ ಥಾಮಸ್ ಸರಿಪಡಿಸಿದಾಗ ಪರಿಚಯ ಬೆಳೆಯಿತು. 1800ರ ಡಿಸೆಂಬರ್ 28ರಂದು ಶ್ರೀರಾಮಪುರದ ಹೂಗ್ಲಿ ನದಿಯಲ್ಲಿ ಆತನ ದೀಕ್ಷಾಸ್ನಾನವಾಯಿತು. ಆದರೆ ಅದಕ್ಕೂ ಕೆಲವು ದಿನ ಮೊದಲೇ ಆತ ಮಿಷನರಿಗಳ ಜೊತೆ ಒಂದೇ ಮೇಜಿನಲ್ಲಿ ಕೂತು ಉಂಡು, ಎಲ್ಲರೆದುರು ಜಾತಿಯ ಕಟ್ಟನ್ನು ಬಿಟ್ಟಿದ್ದ. ನದಿಗಿಳಿಯುವ ಮೊದಲೇ ಬೆಲೆ ತೆತ್ತಾಗಿತ್ತು. ಮೂರು ವರ್ಷಗಳಲ್ಲಿ ಆತನ ಮಗಳ ಮದುವೆ ಬ್ರಾಹ್ಮಣ ಮೂಲದ ವಿಶ್ವಾಸಿಯೊಬ್ಬನೊಂದಿಗೆ ನಡೆಯಿತು. ಶಿಷ್ಯತ್ವ ಎಂದು ನಾವು ಕರೆಯುವುದು ಆ ಊಟದ ಮೇಜಿನಿಂದ ಈ ಮದುವೆಯ ಚಪ್ಪರದವರೆಗೆ ಹಬ್ಬಿತ್ತು. ನಮ್ಮ ಸಭೆಗಳಲ್ಲಿ ವಧೂವರರನ್ನು ಹುಡುಕುವಾಗ ಇನ್ನೂ ಪಿಸುಮಾತಿನಲ್ಲಿ ಏನನ್ನು ವಿಚಾರಿಸುತ್ತೇವೆಂದು ಇಲ್ಲಿರುವ ತಾಯಂದಿರಿಗೆ ಗೊತ್ತು.

ತೆಲುಗು ನಾಡಿನಿಂದ ಬೆಂಗಳೂರಿಗೆ ಬಂದ ಕುಟುಂಬಗಳು ಒಂಗೋಲಿನ ಕಥೆಯನ್ನು ಕೇಳಿರುತ್ತವೆ: 1878ರ ಜುಲೈ 3ರಂದು ಒಂದೇ ದಿನ 2,222 ಮಂದಿಗೆ ದೀಕ್ಷಾಸ್ನಾನ. ಸಂಖ್ಯೆ ಎಲ್ಲರಿಗೂ ನೆನಪಿದೆ. ಅದಕ್ಕೂ ಮುಂಚಿನ ಬರಗಾಲದಲ್ಲಿ, ಕಾಲುವೆ ಕೆಲಸದಿಂದ ಕೂಲಿ ಸಿಗುತ್ತಿದ್ದಷ್ಟು ಕಾಲ, ಅನ್ನಕ್ಕಾಗಿ ಬಂದರೆಂಬ ಮಾತು ಬರಬಾರದೆಂದು ಆ ಕೆಲಸ ಕೊಡಿಸುತ್ತಿದ್ದ ಅಮೆರಿಕದ ಬ್ಯಾಪ್ಟಿಸ್ಟ್ ಮಿಷನರಿ ಜಾನ್ ಕ್ಲೌ ಯಾರಿಗೂ ದೀಕ್ಷಾಸ್ನಾನ ಕೊಡಲಿಲ್ಲ ಎಂಬುದನ್ನು ಮಾತ್ರ ಕಡಿಮೆ ಜನ ಹೇಳುತ್ತಾರೆ.

ಈಗ ನಮ್ಮ ನಗರಕ್ಕೆ ಬರೋಣ. ಮದುವೆ ನಿಶ್ಚಯವಾದ ಮೇಲೆ, ಆಮಂತ್ರಣ ಪತ್ರಿಕೆ ಅಚ್ಚಿಗೆ ಹೋಗುವ ಹೊತ್ತಿಗೆ, ದೀಕ್ಷಾಸ್ನಾನದ ಪ್ರಮಾಣಪತ್ರ ಬೇಕೆಂದು ಬರುವ ಯುವಕರನ್ನು ಯಾವ ಸಭಾಪಾಲಕರು ಕಂಡಿಲ್ಲ? ಎರಡು ಭಾನುವಾರದ ಪಾಠ, ಬಿಳಿ ಅಂಗಿ, ಒಂದು ಫೋಟೊ. ಬಳಿಕ ಮನೆ ಹೆಬ್ಬಾಳದಿಂದ ಎಲೆಕ್ಟ್ರಾನಿಕ್ ಸಿಟಿಗೆ ಬದಲಾಗುತ್ತದೆ, ಹೆಸರು ಮಾತ್ರ ದಾಖಲೆ ಪುಸ್ತಕದಲ್ಲಿ ಉಳಿಯುತ್ತದೆ. ಟ್ರಾಫಿಕ್ಕನ್ನು ದೂರುವುದು ಸುಲಭ, ನಾನೂ ದೂರುತ್ತೇನೆ. ಆದರೆ ಬಾರದವರನ್ನು ಕೇಳಿದವರು ಯಾರು? ಬಿಷಪ್ ಇಲ್ಲದ ನಮ್ಮ ವ್ಯವಸ್ಥೆಯಲ್ಲಿ ಆ ಹೊಣೆ ಸದಸ್ಯರ ಕೂಟದ್ದು. ಆ ಕೂಟವನ್ನು ನಾವು ವರ್ಷಕ್ಕೊಮ್ಮೆ ಲೆಕ್ಕಪತ್ರ ಒಪ್ಪಿಸುವ, ಕಾಂಪೌಂಡ್ ಗೋಡೆಯ ಬಗ್ಗೆ ಜಗಳವಾಡುವ ಸಭೆಯಾಗಿ ಇಳಿಸಿದ್ದೇವೆ.

ಆದ್ದರಿಂದ ನನ್ನ ಸಲಹೆ ಚಿಕ್ಕದು. ದೀಕ್ಷಾಸ್ನಾನ ಬಯಸುವವರೊಂದಿಗೆ ಪಾಠಕ್ಕೆ ಮೊದಲು ಆರು ತಿಂಗಳು, ಆಮೇಲೆ ಒಂದು ವರ್ಷ, ಅವರ ಬಡಾವಣೆಯಲ್ಲೇ ಇರುವ ಒಬ್ಬ ಸದಸ್ಯರು ಜೊತೆಯಾಗಿರಲಿ. ಸಂಬಳ, ಸಾಲ, ಸಿಟ್ಟು, ಮನೆಗೆಲಸದವರ ಜೊತೆಗಿನ ನಡವಳಿಕೆ, ಎಲ್ಲವೂ ಅಲ್ಲಿ ಮಾತಿಗೆ ಬರಲಿ. ಮುಂದಿನ ಸದಸ್ಯರ ಕೂಟದಲ್ಲಿ ಲೆಕ್ಕಪತ್ರಕ್ಕೆ ಮುಂಚೆ ದಾಖಲೆ ಪುಸ್ತಕದ ಹೆಸರುಗಳನ್ನು ಒಂದೊಂದಾಗಿ ಓದಲಿ, ಪ್ರತಿ ಹೆಸರಿಗೂ ಈತ, ಈಕೆ ಈಗ ಎಲ್ಲಿದ್ದಾರೆಂದು ಯಾರಾದರೊಬ್ಬರು ಎದ್ದು ಹೇಳಲಿ. ಯಾರೂ ಏಳದ ಹೆಸರುಗಳ ಪಟ್ಟಿಯನ್ನು ಸಭಾಪಾಲಕರಿಗೆ ಕೊಡಬೇಡಿ. ಕೂಟ ಮುಗಿಯುವ ಮೊದಲು ನಿಮ್ಮಲ್ಲೇ ಹಂಚಿಕೊಳ್ಳಿ.