ಕೊನೆಯ ಫೈಲ್ ಮೊದಲು ತೆರೆಯಿರಿ

ಕೇಳುಗರಿಗೆ ನಮಸ್ಕಾರ. ಮಂಗಳೂರು, ಉಡುಪಿ ಕಡೆ ಎಂ.ಎ. ಪ್ರಾಜೆಕ್ಟ್ ಅಥವಾ ಪಿಎಚ್.ಡಿ. ಶುರು ಮಾಡಿರುವ ಮಕ್ಕಳಿಗಾಗಿ ಈ ಮಾತು.

'ಗೂಗಲ್ ಮಾಡಿದೆ ಸರ್, ಏನೂ ಸಿಗಲಿಲ್ಲ' ಅನ್ನುತ್ತಾರೆ. ಸಿಗದೆ ಏನು? ಹುಡುಕಿದ ಜಾಗ ಸರಿ ಇಲ್ಲ, ಅಷ್ಟೆ.

ಮೊದಲು ಶೋಧಗಂಗಾ ಜಾಲತಾಣಕ್ಕೆ ಹೋಗಿ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ಇದನ್ನು ನಡೆಸುತ್ತದೆ. ದೇಶದ ನಾನಾ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಪ್ರಬಂಧಗಳು ಇಲ್ಲಿ ಪುಕ್ಕಟೆ ಸಿಗುತ್ತವೆ. ನಮ್ಮ ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದವೂ ಇವೆ. ಯಕ್ಷಗಾನದ ಮೇಲೆ ಒಂದು ಪ್ರಬಂಧ ಸಿಕ್ಕಿತು ಅಂದುಕೊಳ್ಳಿ. ಸಾಮಾನ್ಯವಾಗಿ ಒಂದೊಂದು ಅಧ್ಯಾಯಕ್ಕೂ ಒಂದೊಂದು ಪಿಡಿಎಫ್ ಇರುತ್ತದೆ. ಪೀಠಿಕೆ ಆಮೇಲೆ ಓದಿ. ಕೊನೆಯಲ್ಲಿರುವ ಗ್ರಂಥಸೂಚಿಯ ಫೈಲನ್ನು ಮೊದಲು ತೆರೆಯಿರಿ. ಒಬ್ಬರು ವರ್ಷಗಟ್ಟಲೆ ಅಲೆದು ಓದಿದ ಪುಸ್ತಕ, ಲೇಖನಗಳ ಪಟ್ಟಿ ಅಲ್ಲಿ ಸಿದ್ಧವಾಗಿರುತ್ತದೆ. ಕಾಪಿ ಹೊಡೆಯೋಕಲ್ಲ ಮತ್ತೆ! 2018ರ ಯುಜಿಸಿ ನಿಯಮದಂತೆ ಪಿಎಚ್.ಡಿ. ಪ್ರಬಂಧದಲ್ಲಿ ಬೇರೆಯವರ ಬರಹದ ಜೊತೆಗಿನ ಹೋಲಿಕೆ ಶೇಕಡಾ 60 ದಾಟಿದರೆ ನೋಂದಣಿಯೇ ರದ್ದು.

ಇನ್ನು ಹಳೆಯ ಪುಸ್ತಕಗಳು. 1894ರಲ್ಲಿ ಇಲ್ಲೇ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ನಿಘಂಟು ಇಂಟರ್ನೆಟ್ ಆರ್ಕೈವ್‌ನಲ್ಲಿದೆ. ಬಾಸೆಲ್ ಮಿಶನ್ನಿನ ಕನ್ನಡ, ತುಳು ಪುಸ್ತಕಗಳನ್ನು ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯ ಗುಂಡರ್ಟ್ ಪೋರ್ಟಲ್‌ನಲ್ಲಿ ಹಾಕಿದೆ. ಆದರೆ ಸ್ಕ್ಯಾನ್ ಮಾಡಿದ ಎಷ್ಟೋ ಪುಟಗಳು ಬರೀ ಚಿತ್ರಗಳು. ಕನ್ನಡದಲ್ಲಿ ಟೈಪ್ ಮಾಡಿ ಹುಡುಕಿದರೆ ಒಳಗಿನ ಸಾಲು ಸಿಕ್ಕೀತು ಅನ್ನುವ ಖಾತ್ರಿ ಇಲ್ಲ. ಪುಟ ತಿರುಗಿಸಿಯೇ ನೋಡಬೇಕು.

ಊರಿನ ಹೆಸರಿನ ಫಜೀತಿ ಬೇರೆ. 1961ರ ಜನಗಣತಿಯಲ್ಲಿ ಉಡುಪಿ ಜಿಲ್ಲೆ ಹುಡುಕಿದರೆ ಸಿಗುತ್ತದಾ? ಆ ಜಿಲ್ಲೆ ಆದದ್ದೇ 1997ರಲ್ಲಿ. ಆಗ ಉಡುಪಿ ಒಂದು ತಾಲೂಕು, ಸೌತ್ ಕೆನರಾ ಜಿಲ್ಲೆಯೊಳಗೆ. ಈ ಕೆನರಾವನ್ನೂ ಇಂಗ್ಲಿಷಿನಲ್ಲಿ ಒಮ್ಮೆ 'ಸಿ' ಹಾಕಿ, ಒಮ್ಮೆ 'ಕೆ' ಹಾಕಿ ಬರೆದಿದ್ದಾರೆ. ಎರಡೂ ಹಾಕಿ ನೋಡಿ.

ದುಡ್ಡು ಕೊಟ್ಟು ಓದುವ ಜರ್ನಲ್‌ಗಳ ಮಾತೇ ಬೇರೆ. 2025ರ ಜನವರಿಯಲ್ಲಿ ಶುರುವಾದ, ಕೇಂದ್ರ ಸರ್ಕಾರವೇ ಚಂದಾ ಕಟ್ಟುವ 'ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್' ಯೋಜನೆಯಲ್ಲಿ ಸುಮಾರು 13,000 ಜರ್ನಲ್‌ಗಳಿವೆ. ಒಳ್ಳೆಯ ಕೆಲಸವೇ. ಆದರೆ ಅದನ್ನು ತಂದದ್ದು ಸರ್ಕಾರಿ ಸಂಸ್ಥೆಗಳಿಗಾಗಿ. ನಮ್ಮ ಕರಾವಳಿಯಲ್ಲಿ ಖಾಸಗಿ ಕಾಲೇಜುಗಳೇ ಜಾಸ್ತಿ ಅಲ್ವಾ? ಆ ಮಕ್ಕಳು ಏನು ಮಾಡಬೇಕು? ಲೇಖನ ಬರೆದವರ ಇಮೇಲ್ ವಿಳಾಸ ಸಾಮಾನ್ಯವಾಗಿ ಮೊದಲ ಪುಟದಲ್ಲೇ ಇರುತ್ತದೆ. ನಾನು ಇಂಥವನು, ಈ ವಿಷಯ ಓದುತ್ತಿದ್ದೇನೆ, ಒಂದು ಪ್ರತಿ ಕಳಿಸುತ್ತೀರಾ ಅಂತ ನಾಲ್ಕು ಸಾಲು ಬರೆಯಿರಿ. ತಮ್ಮ ಲೇಖನವನ್ನು ಯಾರೋ ಓದುತ್ತಾರೆ ಅಂದರೆ ಅವರಿಗೂ ಖುಷಿಯೇ. ನಾಚಿಕೆ ಬೇಡ, ಕೇಳಿ.