ನರಕೋಶವೂ ‘ಸಾಕು’ ಅನ್ನುತ್ತದೆ

ಎಲ್ಲರಿಗೂ ನಮಸ್ಕಾರ.

ಒಂದು ನರಕೋಶ ಸಂದೇಶ ಕಳಿಸುತ್ತದೆ, ಮುಂದಿನದು ಪಡೆಯುತ್ತದೆ. ನಾವು ಶಾಲೆಯಲ್ಲಿ ಕಲಿತದ್ದು ಇಷ್ಟೇ ಅಲ್ವಾ? ಇವತ್ತು ನಾನು ಮಾತಾಡುವುದು ಇದಕ್ಕೆ ಉಲ್ಟಾ ದಿಕ್ಕಿನಲ್ಲಿ ಹೋಗುವ ಸಂದೇಶದ ಬಗ್ಗೆ, ಅದನ್ನು ನಡೆಸುವ ‘ಎಂಡೋಕ್ಯಾನಬಿನಾಯ್ಡ್’ ಎಂಬ ದೇಹದ ವ್ಯವಸ್ಥೆಯ ಬಗ್ಗೆ.

ಪಡೆಯುವ ಕೋಶಕ್ಕೆ ಪ್ರಚೋದನೆ ಜಾಸ್ತಿಯಾದರೆ ಅದರೊಳಗೆ ಕ್ಯಾಲ್ಸಿಯಂ ಏರುತ್ತದೆ. ಆಗ ಅದು ತನ್ನ ಪೊರೆಯ ಕೊಬ್ಬಿನಿಂದಲೇ 2-ಎಜಿ ಎಂಬ ಅಣುವನ್ನು ತಯಾರಿಸುತ್ತದೆ. ಈ ಅಣು ಹಿಂದಕ್ಕೆ ಸಾಗಿ, ಸಂದೇಶ ಕಳಿಸುತ್ತಿರುವ ಕೋಶದ ಸಿಬಿ1 ಎಂಬ ಗ್ರಾಹಕಕ್ಕೆ, ಅಂದರೆ ಇಂಥ ಅಣುಗಳನ್ನು ಹಿಡಿದುಕೊಳ್ಳುವ ಪ್ರೋಟೀನಿಗೆ, ಅಂಟಿಕೊಳ್ಳುತ್ತದೆ. ತಕ್ಷಣ ಸಂದೇಶದ ಹರಿವು ಇಳಿಯುತ್ತದೆ. ಮಾತು ನಿಲ್ಲಿಸದವರಿಗೆ ಎದುರಿಗಿದ್ದವರು ‘ಸಾಕು, ಗೊತ್ತಾಯ್ತು’ ಅಂದ ಹಾಗೆ. ಸ್ವಲ್ಪ ಹೊತ್ತಿಗೆ ಕಿಣ್ವಗಳು ಆ ಅಣುವನ್ನು ಒಡೆದು ಹಾಕುತ್ತವೆ. ಬೇಕಾದಲ್ಲಿ, ಬೇಕಾದಷ್ಟೇ ಹೊತ್ತು. ಈ ವ್ಯವಸ್ಥೆಯಲ್ಲಿ ನನಗೆ ಅತಿ ದೊಡ್ಡದಾಗಿ ಕಾಣುವುದು ಇದೇ. ಈ ಹಿಮ್ಮುಖ ಸಂದೇಶ ಸ್ಪಷ್ಟವಾದದ್ದು 2001ರಲ್ಲಿ.

ಇದರ ಸುಳಿವು ಸಿಕ್ಕಿದ್ದು ಗಾಂಜಾ ಗಿಡದಿಂದ. 1964ರಲ್ಲಿ ಇಸ್ರೇಲಿನ ರಾಫೆಲ್ ಮೆಶುಲಮ್ ಮತ್ತು ಯೆಹಿಯೆಲ್ ಗಾವೊನಿ ಅದರ ಮುಖ್ಯ ಮಾದಕ ಅಂಶ ಟಿಎಚ್‌ಸಿಯನ್ನು ಬೇರ್ಪಡಿಸಿದರು. ಅದು ಅಂಟುವ ಜಾಗ, ಅಂದರೆ ಇದೇ ಸಿಬಿ1, ಇಲಿಯ ಮೆದುಳಿನಲ್ಲಿ ಪತ್ತೆಯಾಗಿದ್ದು 1988ರಲ್ಲಿ. ಗಿಡಕ್ಕಾಗಿ ದೇಹ ಗ್ರಾಹಕ ಇಟ್ಟುಕೊಂಡಿರುವುದಿಲ್ಲವಲ್ಲ! ಹುಡುಕಿದಾಗ ದೇಹದ್ದೇ ಅಣುಗಳು ಸಿಕ್ಕವು: 1992ರಲ್ಲಿ ಆನಂದಮೈಡ್, 1995ರಲ್ಲಿ 2-ಎಜಿ.

ಹಸಿವು, ನೋವು, ನೆನಪು, ಭಯ, ಕರುಳಿನ ಚಲನೆ, ಎಲ್ಲದರಲ್ಲೂ ಸಿಬಿ1 ಇದೆ. ಇದೇ ವ್ಯವಸ್ಥೆಯ ಇನ್ನೊಂದು ಗ್ರಾಹಕ ಸಿಬಿ2 ಹೆಚ್ಚಾಗಿ ರೋಗನಿರೋಧಕ ಕೋಶಗಳಲ್ಲಿ ಇದ್ದು, ಉರಿಯೂತವನ್ನು ಹತೋಟಿಯಲ್ಲಿಡಲು ನೆರವಾಗುತ್ತದೆ. ಒತ್ತಡದ ಹಾರ್ಮೋನುಗಳು ಏರಿದ ಮೇಲೆ ಅವನ್ನು ಇಳಿಸುವುದರಲ್ಲೂ ಈ ವ್ಯವಸ್ಥೆಯ ಕೈ ಇದೆ.

ಇದನ್ನು ಪೂರ್ತಿ ತಡೆದರೆ ಏನಾಗುತ್ತದೆ? ಅದಕ್ಕೆ ಉತ್ತರ ಜನರ ಮೇಲೇ ಸಿಕ್ಕಿತು. ಸಿಬಿ1 ಹಸಿವು ಹೆಚ್ಚಿಸುತ್ತದೆ, ಹಾಗಾದರೆ ಅದನ್ನು ಮುಚ್ಚಿದರೆ ತೂಕ ಇಳಿಯಬೇಕು. ಹೀಗೆ ಯೋಚಿಸಿ ರಿಮೊನಬಾಂಟ್ ಎಂಬ ಮಾತ್ರೆ ತಯಾರಿಸಿದರು. 2006ರಲ್ಲಿ ಯೂರೋಪಿನಲ್ಲಿ ಅನುಮತಿ ಸಿಕ್ಕಿತು. ತೂಕ ಇಳಿಯಿತು, ನಿಜ. ಆದರೆ ಜೊತೆಗೆ ಕೆಲವರಿಗೆ ಖಿನ್ನತೆ, ಆತಂಕ, ಆತ್ಮಹತ್ಯೆಯ ಯೋಚನೆಗಳು ಬಂದವು. 2008ರಲ್ಲಿ ಮಾತ್ರೆ ಮಾರುಕಟ್ಟೆಯಿಂದ ಹೊರಬಿತ್ತು. ಹಸಿವಿಗೆ ಕೈ ಹಾಕಿದರೆ ಮನಸ್ಸಿಗೂ ತಾಗಿತ್ತು.

ಹೊರಗಿನಿಂದ ಸುರಿದರೂ ತೊಂದರೆಯೇ. ಟಿಎಚ್‌ಸಿ ಒಂದು ಜಾಗ ನೋಡಿ ಕೆಲಸ ಮಾಡುವುದಿಲ್ಲ. ಸಿಬಿ1 ಇದ್ದಲ್ಲೆಲ್ಲ ಅಂಟುತ್ತದೆ, ಗಂಟೆಗಟ್ಟಲೆ ಉಳಿಯುತ್ತದೆ. ದಿನಾ ಸೇದುವವರ ಮೆದುಳಿನಲ್ಲಿ ಸಿಬಿ1 ಕಡಿಮೆಯಾಗುತ್ತದೆ. ಬಿಟ್ಟ ಕೆಲವು ವಾರಗಳಲ್ಲಿ ಬಹುಪಾಲು ಮರಳುತ್ತದೆ. ಹಾಗಾಗಿ ಗಾಂಜಾ ‘ಸಮತೋಲನ ತರುತ್ತದೆ’ ಎಂಬ ಜಾಹೀರಾತಿನ ಮಾತನ್ನು ಸುಮ್ನೆ ಒಪ್ಪಬೇಡಿ.

ರಿಮೊನಬಾಂಟ್‌ನಿಂದ ಪಾಠ ಕಲಿತ ಸಂಶೋಧಕರು ಈಗ, ಮೆದುಳಿನೊಳಗೆ ಆದಷ್ಟು ಕಡಿಮೆ ನುಸುಳಿ, ಯಕೃತ್ತು, ಕೊಬ್ಬಿನ ಅಂಗಾಂಶದಂಥ ಕಡೆಯ ಸಿಬಿ1 ಅನ್ನು ಮಾತ್ರ ತಡೆಯುವ ಔಷಧಗಳನ್ನು ಪರೀಕ್ಷಿಸುತ್ತಿದ್ದಾರೆ.